‘ಪಂಪಿಂಗ್ ಎಷ್ಟಿದೆ?’

2025ನೆಯ ಇಸವಿಯ ಮುಂಗಾರಿನ ಮೊದಲ ದಿನಗಳಲ್ಲಿ ಹಾಸನ ಜಿಲ್ಲೆಯ ಊರೂರುಗಳಲ್ಲಿಯೂ ಮಳೆಬೆಳೆಯ ಮಾತನ್ನು ಹಿಂದಿಕ್ಕಿ ಹೃದಯದ ಮಾತು ಮುಂದೆ ಬಂದಿತ್ತು. ನೆನ್ನೆಯವರೆಗೆ ತಮ್ಮ ತಮ್ಮ ಕೆಲಸಕಾರ್ಯಗಳಲ್ಲಿ ಗಟ್ಟಿಯಾಗಿ ಓಡಾಡಿಕೊಂಡಿದ್ದ, ಮುಪ್ಪಿನ ಹೊಸ್ತಿಲನ್ನು ಇನ್ನೂ ತುಳಿಯದ ಕೆಲವರು ಹಠಾತ್ತಾಗಿ ಕುಸಿದು ಮೃತರಾದರೆಂಬ ವಾರ್ತೆಗಳು ಒಂದರ ಬೆನ್ನಿಗೆ ಒಂದು ಬರತೊಡಗಿದುದರಿಂದ ಭೀತಿಗೊಂಡ ಜನ, ತಮಗೆ ಯಾವ ಬಾಧೆಯೂ ಇಲ್ಲದಿದ್ದರೂ, ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆಯ ಬಾಗಿಲಲ್ಲಿ ನಸುಕಿನಲ್ಲಿಯೇ ಸಾಲುಗಟ್ಟಿ ನಿಂತರು. ಸರ್ಕಾರವು ಆಗ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಪರಿಶೀಲನೆಗೆ ಬಂದ 24 ಮರಣಗಳ ಪೈಕಿ 20 ಹೃದಯಸಂಬಂಧವಾದುವೆಂದೂ, ಆದರೆ ಜಿಲ್ಲೆಯಲ್ಲಿ ಹೃದ್ರೋಗದ ಮರಣ ಅಸಾಧಾರಣವಾಗಿ ಏರಿದೆಯೆನ್ನುವುದಕ್ಕೆ ಆಧಾರವಿಲ್ಲವೆಂದೂ ಜುಲೈ ತಿಂಗಳಲ್ಲಿ ಪ್ರಕಟವಾದಮೇಲೆ ಕಳವಳ ಕ್ರಮೇಣ ತಗ್ಗಿತು. ಆದರೆ ಅದುವರೆಗೆ ಆಸ್ಪತ್ರೆಯ ವಾರ್ಡುಗಳಲ್ಲಿ ಮಾತ್ರ ಕೇಳಿಬರುತ್ತಿದ್ದ ಒಂದು ಪ್ರಶ್ನೆಯನ್ನು ಆ ಕಳವಳವು ಊರಿನ ಅರಳಿಕಟ್ಟೆಯವರೆಗೂ ತಂದು ಬಿಟ್ಟುಹೋಯಿತು: “ಎಕೋ ಮಾಡಿಸಿದ್ರಾ? ಪಂಪಿಂಗ್ ಎಷ್ಟೈತಂತೆ?”

ಅರವತ್ತು ಎಂಬ ಉತ್ತರ ಬಂದರೆ ಕೇಳಿದವರಿಗೆ ಸಮಾಧಾನ. ನಲವತ್ತು ಎಂದರೆ ಮುಂದಿನ ಮಾತು ಹೊರಡುವುದಿಲ್ಲ. ಒಬ್ಬ ಮನುಷ್ಯನ ಉಳಿವು ಅಳಿವುಗಳನ್ನೇ ಒಂದು ಶೇಕಡಾ ಸಂಖ್ಯೆಗೆ ಒಪ್ಪಿಸಿಬಿಡುವ ಈ ಅಭ್ಯಾಸ ಹೊಸದು. ಮತ್ತು ಆ ಸಂಖ್ಯೆ ಹೇಗೆ ಹುಟ್ಟುತ್ತದೆ, ಎಷ್ಟನ್ನು ಹೇಳುತ್ತದೆ, ಯಾವುದನ್ನು ಹೇಳದೆ ಉಳಿಸುತ್ತದೆ ಎಂಬುದನ್ನು ವಿಚಾರಮಾಡದೆ ಅದಕ್ಕೆ ಇಷ್ಟು ಅಧಿಕಾರವನ್ನು ಕೊಡುವುದು ಯುಕ್ತವಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಹೃದಯಾಘಾತವಾದವನ ಎಕೋ ವರದಿಯಲ್ಲಿ, ಎಂದರೆ ಶಬ್ದದ ಪ್ರತಿಧ್ವನಿಯಿಂದ ಹೃದಯವನ್ನು ನೋಡುವ ಪರೀಕ್ಷೆಯ ವರದಿಯಲ್ಲಿ, ಆ ಒಂದು ಸಂಖ್ಯೆಗಿಂತ ಅದರ ಮೇಲೆ ಕೆಳಗೆ ಬರೆದಿರುವ ನಾಲ್ಕು ಸಾಲುಗಳೂ, ವರದಿಯ ನೆತ್ತಿಯ ಮೇಲಿರುವ ದಿನಾಂಕವೂ ಹೆಚ್ಚು ಬೆಲೆಯುಳ್ಳವು.

ಆ ವರದಿಯವರೆಗಿನ ದಾರಿಯನ್ನು ಹಾಸನ ಜಿಲ್ಲೆಯ ಒಂದು ಊರಿನಿಂದಲೇ ಆರಂಭಿಸೋಣ. ಹಳೇಬೀಡಿನಲ್ಲಿ ಹೊಯ್ಸಳೇಶ್ವರನ ಗುಡಿಯನ್ನು ನೋಡಿದವರಲ್ಲಿ ಬಹುಮಂದಿ ಪಕ್ಕದಲ್ಲಿಯೇ ಇರುವ ಹುಲಿಕೆರೆಯನ್ನು ನೋಡದೆ ಬೇಲೂರಿನ ಬಸ್ಸು ಹತ್ತುತ್ತಾರೆ. ಹೊಯ್ಸಳರ ಕಾಲದ ಕಲ್ಯಾಣಿಯೊಂದು, ಇಳಿದುಹೋಗುವ ಮೆಟ್ಟಿಲುಗಳ ಮೇಲೆ ಕಿರುಗುಡಿಗಳ ಪಂಕ್ತಿಯನ್ನು ಧರಿಸಿಕೊಂಡು, ಆ ಊರಿನಲ್ಲಿ ಇಂದಿಗೂ ಇದೆ. ಪ್ರವಾಸಿಗೆ ಇಷ್ಟು ಸಮೀಪವಾದ ಊರು ಎದೆನೋವು ಬಂದವನಿಗೆ ಮಾತ್ರ ಅಷ್ಟು ಸಮೀಪವಲ್ಲ. ಹಳೇಬೀಡಿನಿಂದ ಬೇಲೂರಿಗೆ ಸುಮಾರು 16 ಕಿಲೋಮೀಟರು, ಹಾಸನಕ್ಕೆ ಮೂವತ್ತರ ಸುಮಾರು, ಅರಸೀಕೆರೆ ಇನ್ನೂ ದೂರ. ಮೈಸೂರಿಗೆ ಹೋಗಬೇಕೆಂದರೆ ಹಾಸನವನ್ನು ಮುಟ್ಟಿದಮೇಲೆ ಮತ್ತೆ ನೂರು ಕಿಲೋಮೀಟರಿಗೂ ಮೀರಿದ ದಾರಿ. ಅಲ್ಲಿನ ರೈತನೊಬ್ಬನಿಗೆ, ಹೊತ್ತು ಮುಳುಗಿದ ಮೇಲೆ, ಎದೆಯ ನಡುವೆ ಒತ್ತಿ ಹಿಡಿದಂಥ ನೋವು ಬಂದಿತೆಂದೇ ಭಾವಿಸೋಣ. ತಣ್ಣನೆಯ ಬೆವರು, ಎಡದೋಳಿಗೋ ದವಡೆಗೋ ಹರಿಯುವ ಸಂಕಟ, ಇವೆಲ್ಲವನ್ನೂ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರಿನಲ್ಲಿ ಅಡಗಿಸಿ, ಸೋಡಾ ಕುಡಿಸಿ ಮಲಗಿಸುವ ಪದ್ಧತಿ ನಮ್ಮಲ್ಲಿ ಎಷ್ಟು ಬಲವಾಗಿದೆಯೆಂದರೆ, ಅತ್ಯಮೂಲ್ಯವಾದ ಮೊದಲ ಒಂದೆರಡು ಗಂಟೆಗಳು ಅನೇಕ ವೇಳೆ ಮನೆಯ ಜಗಲಿಯಲ್ಲಿಯೇ ವ್ಯಯವಾಗಿಹೋಗುತ್ತವೆ.

ಆ ಹೊತ್ತಿನಲ್ಲಿ ತುರ್ತಾಗಿ ಬೇಕಾದುದು ಇ.ಸಿ.ಜಿ.; ಎಕೋಗೆ ಆಮೇಲೆ ಕಾಲವಿದೆ. ಹೃದಯದ ವಿದ್ಯುತ್ತಿನ ಗತಿಯನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಆ ಸರಳ ಯಂತ್ರ, ಧಮನಿಯೊಂದು ಪೂರ್ತಿಯಾಗಿ ಮುಚ್ಚಿಹೋಗಿರುವುದನ್ನು ಕೆಲವು ನಿಮಿಷಗಳಲ್ಲಿ ತಿಳಿಸಬಲ್ಲುದು. ತಿಳಿದ ಕೂಡಲೆ ಹೆಪ್ಪನ್ನು ಕರಗಿಸುವ ಔಷಧವನ್ನು ಕೊಡಬೇಕು, ಇಲ್ಲವೆ ಸ್ಟೆಂಟ್ ಹಾಕಿ ಧಮನಿಯನ್ನು ತೆರೆಯಬಲ್ಲ ಆಸ್ಪತ್ರೆಗೆ ಸಾಗಿಸಬೇಕು. 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿಯೇ ಅಗಲಿದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ನಡೆಸುತ್ತಿರುವ ‘ಹೃದಯ ಜ್ಯೋತಿ’ ಯೋಜನೆಯ ಉದ್ದೇಶ ಇದೇ: ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ಹೃದ್ರೋಗ ಕೇಂದ್ರದವರು ಕೂಡಲೆ ನೋಡಿ ಹೇಳುವುದು, ಹೇಳಿದ ಮೇಲೆ ಬೆಲೆಬಾಳುವ ಟೆನೆಕ್ಟೆಪ್ಲೇಸ್ ಎಂಬ ಇಂಜೆಕ್ಷನ್ನನ್ನು ರೋಗಿಗೆ ಉಚಿತವಾಗಿ ಅಲ್ಲಿಯೇ ಕೊಡುವುದು. ಇಂಥ ಸನ್ನಿವೇಶದಲ್ಲಿ, ಇ.ಸಿ.ಜಿ. ಸ್ಪಷ್ಟವಾಗಿರುವಾಗಲೂ, ‘ಒಂದು ಎಕೋ ಆಗಿಬಿಡಲಿ’ ಎಂದು ಚಿಕಿತ್ಸೆಯನ್ನು ತಡೆದು ನಿಲ್ಲಿಸುವುದು ಹಾನಿಕರ.

ಎಕೋವಿನ ಕಾಲ ಬರುವುದು ಧಮನಿ ತೆರೆದಮೇಲೆ, ರೋಗಿ ಹಾಸನದ ಹಿಮ್ಸ್‌ನಂಥ ಜಿಲ್ಲಾ ಆಸ್ಪತ್ರೆಯಲ್ಲಿಯೋ ಮೈಸೂರಿನಲ್ಲಿಯೋ ಹಾಸಿಗೆಯ ಮೇಲೆ ಒಂದಿಷ್ಟು ನೆಮ್ಮದಿಯಾಗಿ ಮಲಗಿರುವಾಗ. ಕಟ್ಟಿಕೊಂಡುದು ಕಳೆಯಿತು, ಕಟ್ಟಿಕೊಂಡಿದ್ದ ಅವಧಿಯಲ್ಲಿ ಏನೇನು ನಷ್ಟವಾಯಿತು ಎಂಬುದು ಈಗಿನ ಪ್ರಶ್ನೆ. ಹೃದಯದ ಸ್ನಾಯುವಿಗೆ ರಕ್ತವನ್ನು ಒದಗಿಸುವ ಕರೊನರಿ ಧಮನಿಗಳು ಮುಖ್ಯವಾಗಿ ಮೂರು. ಅವುಗಳಲ್ಲಿ ಒಂದು ಮುಚ್ಚಿತೆಂದರೆ ಅದರ ಆಶ್ರಯದಲ್ಲಿದ್ದ ಸ್ನಾಯುಭಾಗ ಒಂದು ನಿಮಿಷವೂ ಕಳೆಯುವ ಮುನ್ನ ಸಂಕೋಚನವನ್ನು ನಿಲ್ಲಿಸುತ್ತದೆ. ಇಪ್ಪತ್ತು ನಿಮಿಷಗಳ ಸುಮಾರಿಗೆ ಗೋಡೆಯ ಒಳಪದರದಿಂದ ಮೊದಲ್ಗೊಂಡು ಜೀವಕೋಶಗಳು ಸಾಯತೊಡಗಿ, ಆ ಮರಣ ಗಂಟೆಗಳ ಅವಧಿಯಲ್ಲಿ ಹೊರಪದರದ ಕಡೆಗೆ ವ್ಯಾಪಿಸುತ್ತದೆ. ಇಲ್ಲಿ ಗಮನಿಸತಕ್ಕ ಒಂದು ಕ್ರಮವಿದೆ. ರಕ್ತ ಕಡಿಮೆಯಾದಾಗ ಮೊದಲು ಕೆಡುವುದು ಗೋಡೆಯ ಚಲನೆ, ಅನಂತರ ಇ.ಸಿ.ಜಿ.ಯ ಗೆರೆ, ಎಲ್ಲಕ್ಕೂ ಕಡೆಗೆ ನೋವು. ಆದುದರಿಂದಲೇ ಇ.ಸಿ.ಜಿ. ಸಂದಿಗ್ಧವಾಗಿದ್ದು ನೋವು ಮಾತ್ರ ನಿಲ್ಲದಿರುವ ಸಂದರ್ಭಗಳಲ್ಲಿ, ಚಲಿಸದೆ ನಿಂತ ಗೋಡೆಯನ್ನು ಕಣ್ಣಿಗೆ ತೋರಿಸಿ, ಎಕೋ ನಿರ್ಣಯಕ್ಕೆ ನೆರವಾಗುವುದೂ ಉಂಟು.

ಎದೆಯನ್ನು ತೆರೆಯದೆ ಎಕೋ ಆ ಗೋಡೆಯನ್ನು ಕಾಣುವುದು ಶಬ್ದದಿಂದ. ಅರಸೀಕೆರೆ, ತಿಪಟೂರುಗಳ ಸೀಮೆಯಲ್ಲಿ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಚಿಪ್ಪನ್ನು ಬಿಟ್ಟಿದೆಯೇ ಇಲ್ಲವೇ ಎಂಬುದನ್ನು ರೈತನು ಕಾಯಿ ಒಡೆಯದೆಯೇ ತಿಳಿಯುತ್ತಾನೆ. ಒಡೆಯದೆ ಒಳಗನ್ನು ಶಬ್ದದಿಂದ ಅರಿಯುವ ಈ ಉಪಾಯವನ್ನು ವೈದ್ಯಶಾಸ್ತ್ರಕ್ಕೆ ತಂದವನು ಲಿಯೋಪೋಲ್ಡ್ ಆವೆನ್‌ಬ್ರುಗರ್ ಎಂಬ ಆಸ್ಟ್ರಿಯಾದ ವೈದ್ಯ. ಎದೆಯನ್ನು ಬೆರಳಿನಿಂದ ತಟ್ಟಿ ಕೇಳುವ ವಿಧಾನವನ್ನು ವಿವರಿಸಿದ ಅವನ ಗ್ರಂಥ ಪ್ರಕಟವಾದುದು 1761ರಲ್ಲಿ. 1816ರಲ್ಲಿ ಫ್ರಾನ್ಸಿನ ಲೆನೆಕ್ ಸ್ಟೆತಾಸ್ಕೋಪನ್ನು ಕಂಡುಹಿಡಿದ. ಆಮೇಲಿನ ನೂರಕ್ಕೂ ಹೆಚ್ಚು ವರ್ಷಗಳ ಕಾಲ ವೈದ್ಯನ ಕಿವಿ ಹೃದಯಕ್ಕೆ ಇನ್ನಷ್ಟು ಹತ್ತಿರ ಹೋಗಲಾರದೆ ಅಲ್ಲಿಯೇ ನಿಂತಿತು. ಈ ನಡುವೆ, 1880ರಲ್ಲಿ, ಪಿಯರ್ ಕ್ಯೂರಿ ಮತ್ತು ಅವನ ಅಣ್ಣ ಜಾಕ್ ಕ್ಯೂರಿ ಕೆಲವು ಸ್ಫಟಿಕಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದನ್ನು ಕಂಡರು. ವಿದ್ಯುತ್ತನ್ನು ಹಾಯಿಸಿದರೆ ಅದೇ ಸ್ಫಟಿಕ ಕಂಪಿಸಿ ಶಬ್ದವನ್ನು ಹುಟ್ಟಿಸುವುದೂ ಬಹುಬೇಗ ಸಿದ್ಧವಾಯಿತು. ಎಕೋ ಯಂತ್ರದ ಬಾಯಿಯೂ ಕಿವಿಯೂ ಆಗಿರುವುದು ಇಂಥ ಸ್ಫಟಿಕವೇ.

ಯಂತ್ರದ ಜನ್ಮವೃತ್ತಾಂತವನ್ನು ಕೊಂಚ ವಿಸ್ತಾರವಾಗಿ ಹೇಳುವುದರಲ್ಲಿ ತಪ್ಪಿಲ್ಲ. ಸ್ವೀಡನ್ ದೇಶದ ಲುಂಡ್ ನಗರದಲ್ಲಿ ಇಂಗೆ ಎಡ್ಲರ್ ಎಂಬ ಹೃದ್ರೋಗ ವೈದ್ಯನಿಗೆ, ಹೃದಯದ ಎಡಭಾಗದಲ್ಲಿರುವ ಮೈಟ್ರಲ್ ಕವಾಟದ ಶಸ್ತ್ರಚಿಕಿತ್ಸೆಗೆ ಮುನ್ನ ಆ ಕವಾಟ ಎಷ್ಟು ಕೆಟ್ಟಿದೆಯೆಂಬುದನ್ನು ಹೊರಗಿನಿಂದ ನಿಶ್ಚಯವಾಗಿ ತಿಳಿಯುವ ಮಾರ್ಗವೊಂದು ಬೇಕಾಗಿತ್ತು. ಆತನ ಜತೆಗಾರನಾದವನು ಕಾರ್ಲ್ ಹೆಲ್ಮುಟ್ ಹರ್ಟ್ಸ್ ಎಂಬ ತರುಣ ಭೌತವಿಜ್ಞಾನಿ. ಕಂಪನಸಂಖ್ಯೆಯ ಮಾನಕ್ಕೆ ಯಾರ ಹೆಸರಿದೆಯೋ ಆ ಹೈನ್ರಿಕ್ ಹರ್ಟ್ಸನ ವಂಶದವನು, ನೊಬೆಲ್ ಪ್ರಶಸ್ತಿ ಪಡೆದ ಗುಸ್ತಾವ್ ಹರ್ಟ್ಸನ ಮಗ. ಹಡಗು ಕಟ್ಟುವ ಕಾರ್ಖಾನೆಗಳಲ್ಲಿ ಲೋಹದ ಒಳಗಿನ ಬಿರುಕುಗಳನ್ನು ಹುಡುಕಲು ಶ್ರವಣಾತೀತ ಶಬ್ದವನ್ನು ಬಳಸುತ್ತಿದ್ದುದನ್ನು ಬಲ್ಲ ಈತ, ಮಾಲ್ಮೋ ನಗರದ ಹಡಗುಕಟ್ಟೆಯ ಅಂಥದೊಂದು ಯಂತ್ರದ ಮುಂದೆ ನಿಂತು ತನ್ನ ಎದೆಯ ಮೇಲೆಯೇ ಪ್ರಯೋಗಮಾಡಿ ನೋಡಿದ. ಅನಂತರ ಸೀಮೆನ್ಸ್ ಕಂಪನಿಯ ಯಂತ್ರವೊಂದನ್ನು ಎರವಲು ತಂದು, 1953ರ ಅಕ್ಟೋಬರ್ 29ರಂದು ಎಡ್ಲರನೊಡನೆ ಹೃದಯದಿಂದ ಮರಳಿ ಬಂದ ಪ್ರತಿಧ್ವನಿಗಳನ್ನು ದಾಖಲಿಸಿದ. ಮೊದಲಲ್ಲಿ ಹೆಚ್ಚು ಜನ ನಂಬದಿದ್ದ ಈ ಕಾರ್ಯಕ್ಕಾಗಿ ಅವರಿಬ್ಬರಿಗೂ 1977ರಲ್ಲಿ ಲಾಸ್ಕರ್ ಪ್ರಶಸ್ತಿ ಸಂದಿತು. ಅಂದಿನ ಚಿತ್ರ ಏರಿಳಿಯುವ ಕೆಲವು ಗೆರೆಗಳಷ್ಟೇ. ಚಲಿಸುವ ಹೃದಯದ ಪೂರ್ಣ ಛೇದಚಿತ್ರವನ್ನು ಪರದೆಯ ಮೇಲೆ ಕಾಣುವುದು 1970ರ ದಶಕದಲ್ಲಿ ರೂಢಿಗೆ ಬಂತು.

ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗಿನ ಶಬ್ದವನ್ನು ಕೇಳಬಲ್ಲುದು. ವಯಸ್ಕರ ಹೃದಯವನ್ನು ನೋಡುವ ಶಬ್ದದ ಕಂಪನ ಸೆಕೆಂಡಿಗೆ 20 ಲಕ್ಷದಿಂದ 50 ಲಕ್ಷದವರೆಗೆ. ದೇಹದ ಮೃದುಭಾಗಗಳಲ್ಲಿ ಅದು ಸೆಕೆಂಡಿಗೆ ಸುಮಾರು 1,540 ಮೀಟರು ವೇಗದಿಂದ ಚಲಿಸುವುದರಿಂದ, ಹದಿನೈದು ಸೆಂಟಿಮೀಟರು ಆಳದವರೆಗೆ ಹೋಗಿ ಮರಳಲು ಅದಕ್ಕೆ ಬೇಕಾದುದು ಸೆಕೆಂಡಿನ ಐದು ಸಾವಿರದಲ್ಲಿ ಒಂದು ಭಾಗ. ಯಾವ ಪ್ರತಿಧ್ವನಿ ಎಷ್ಟು ತಡವಾಗಿ ಬಂದಿತೆಂಬುದರಿಂದ ಆಳವನ್ನೂ, ಎಷ್ಟು ಬಲವಾಗಿ ಬಂದಿತೆಂಬುದರಿಂದ ಬೆಳಕಿನ ತೀಕ್ಷ್ಣತೆಯನ್ನೂ ಲೆಕ್ಕಹಾಕಿ ಯಂತ್ರವು ಚಿತ್ರವನ್ನು ಬರೆಯುತ್ತದೆ. ಎಕ್ಸ್-ರೇಯಂಥ ವಿಕಿರಣ ಇದರಲ್ಲಿಲ್ಲ. ಆದರೆ ಶಬ್ದಕ್ಕೆ ಶತ್ರುಗಳಿಬ್ಬರು: ಮೂಳೆ ಮತ್ತು ಗಾಳಿ. ಪಕ್ಕೆಲುಬಿನ ಗೂಡಿನಲ್ಲಿ, ಶ್ವಾಸಕೋಶಗಳ ನಡುವೆ ಅಡಗಿರುವ ಹೃದಯವನ್ನು ನೋಡಲು ದೊರೆಯುವ ಎಡೆ ಅತ್ಯಲ್ಪ. ಆದಕಾರಣವೇ ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಎಡಗೈಯನ್ನು ತಲೆಯ ಕೆಳಗಿರಿಸಿ, ಪಕ್ಕೆಲುಬುಗಳು ಬಿರಿಯುವಂತೆಯೂ ಹೃದಯ ಎದೆಯ ಗೋಡೆಗೆ ಸಮೀಪಿಸುವಂತೆಯೂ ಮಾಡುವುದು. ಚರ್ಮಕ್ಕೂ ಎದೆಯ ಮೇಲೆ ಒತ್ತಿ ಹಿಡಿಯುವ ಪ್ರೋಬಿಗೂ ನಡುವೆ ಗಾಳಿ ಉಳಿಯದಿರಲೆಂದು ತಣ್ಣನೆಯ ಜೆಲ್ ಸವರುತ್ತಾರೆ. ಬಹುಕಾಲ ಬೀಡಿ ಸೇದಿ ಶ್ವಾಸಕೋಶ ಉಬ್ಬಿದವರಲ್ಲಿಯೂ, ಸ್ಥೂಲಕಾಯರಲ್ಲಿಯೂ ಚಿತ್ರ ಮಸಕಾಗುತ್ತದೆ; ಅಂಥವರ ವರದಿಯಲ್ಲಿ ‘ಪೂರ್ ವಿಂಡೋ’ ಎಂದು ಬರೆದಿದ್ದರೆ ಅದು ನೋಡಿದವರ ಪ್ರಾಮಾಣಿಕತೆಯ ಗುರುತು. ಸಾಧಾರಣ ಎಕೋವಿಗೆ ಉಪವಾಸವಾಗಲಿ ಇಂಜೆಕ್ಷನ್ನಾಗಲಿ ಬೇಕಿಲ್ಲ. ಎದೆಯ ಮೇಲಿನ ವಸ್ತ್ರವನ್ನು ತೆಗೆಯಬೇಕಾಗುವ ಕಾರಣ ನಮ್ಮ ಹೆಂಗಸರು ಈ ಪರೀಕ್ಷೆಗೆ ಹಿಂಜರಿಯುವುದುಂಟು. ಹೆಣ್ಣು ಸಿಬ್ಬಂದಿಯೊಬ್ಬರು ಜತೆಗಿರಬೇಕೆಂದು ಕೇಳುವುದಕ್ಕೆ ಯಾರೂ ಸಂಕೋಚಪಡಬೇಕಾದುದಿಲ್ಲ. ನಡುನಡುವೆ ಯಂತ್ರದಿಂದ ‘ಬುಸ್ ಬುಸ್’ ಎಂಬ ಶಬ್ದ ಹೊರಟು ರೋಗಿಯನ್ನು ಗಾಬರಿಪಡಿಸುತ್ತದೆ. ಅದು ಡಾಪ್ಲರ್ ವಿಧಾನದಿಂದ ರಕ್ತದ ವೇಗವನ್ನು ಅಳೆಯುತ್ತಿರುವ ಶಬ್ದ, ರೋಗದ ಶಬ್ದವಲ್ಲ.

ಹೃದಯಾಘಾತದ ತರುವಾಯ ಪರೀಕ್ಷಕನ ಕಣ್ಣು ಮೊದಲು ಹೋಗುವುದು ಎಡ ಹೃತ್ಕುಕ್ಷಿಯ ಗೋಡೆಯ ಮೇಲೆ. ಶರೀರಕ್ಕೆಲ್ಲ ರಕ್ತವನ್ನು ನೂಕುವ ಹೊಣೆ ಅದರದು. ಆರೋಗ್ಯವಾದ ಗೋಡೆ ಪ್ರತಿ ಬಡಿತಕ್ಕೂ ಎರಡು ಕೆಲಸಗಳನ್ನು ಮಾಡುತ್ತದೆ: ಒಳಮುಖವಾಗಿ ಸರಿಯುವುದು ಒಂದು, ದಪ್ಪವಾಗುವುದು ಇನ್ನೊಂದು. ಪಕ್ಕದ ಸ್ನಾಯುವಿನ ಎಳೆತಕ್ಕೆ ಸಿಕ್ಕಿ ಸತ್ತ ಭಾಗವೂ ಒಂದಿಷ್ಟು ಸರಿಯಬಹುದಾದುದರಿಂದ ಅನುಭವಿಯಾದವನು ದಪ್ಪವಾಗುವುದನ್ನೇ ಹೆಚ್ಚಾಗಿ ನಂಬುತ್ತಾನೆ. ಗೋಡೆಯನ್ನು 17 ಭಾಗಗಳಾಗಿ ವಿಭಾಗಿಸಿ ಒಂದೊಂದರ ಚಲನೆಯನ್ನೂ ಬೇರೆಬೇರೆಯಾಗಿ ನೋಡುವುದು ಸಂಪ್ರದಾಯ. ಚಲನೆ ಕುಂದಿದ್ದರೆ ‘ಹೈಪೊಕೈನೆಟಿಕ್’, ನಿಂತೇಹೋಗಿದ್ದರೆ ‘ಅಕೈನೆಟಿಕ್’, ಹೃದಯ ಸಂಕುಚಿಸುವಾಗ ಆ ಭಾಗ ಹೊರಕ್ಕೆ ಉಬ್ಬುತ್ತಿದ್ದರೆ ‘ಡಿಸ್ಕೈನೆಟಿಕ್’ ಎಂದು ವರದಿಯಲ್ಲಿ ಬರೆಯುತ್ತಾರೆ. ರೋಗಿಗಳ ಕಡತಗಳಲ್ಲಿ ಕಾಣುವ ‘ಆರ್‌ಡಬ್ಲ್ಯೂಎಂಎ’ ಎಂಬ ಕರಾಳವಾದ ಅಕ್ಷರಮಾಲೆಯ ಅರ್ಥ, ಗೋಡೆಯ ಯಾವುದೋ ಒಂದು ಪ್ರದೇಶದ ಚಲನೆ ಸರಿಯಾಗಿಲ್ಲ ಎಂಬುದಷ್ಟೇ. ಯಾವ ಪ್ರದೇಶವೆಂಬುದರಿಂದ ಯಾವ ಧಮನಿಯೆಂಬುದನ್ನೂ ಊಹಿಸಬಹುದು. ಮುಂಗೋಡೆ, ನಡುಗೋಡೆಯ ಬಹುಭಾಗ ಮತ್ತು ಹೃದಯದ ತುದಿ ಕೆಟ್ಟಿದ್ದರೆ ಎಡದ ಮುಂಧಮನಿ. ಕೆಳಗೋಡೆ ಕೆಟ್ಟಿದ್ದರೆ ಸಾಮಾನ್ಯವಾಗಿ ಬಲ ಧಮನಿ. ಎಡಪಕ್ಕದ ಗೋಡೆಯಾದರೆ ಬಳಸಿ ಹೋಗುವ ಸರ್ಕಮ್‌ಫ್ಲೆಕ್ಸ್ ಧಮನಿ. ಸ್ನಾಯುವಿನ ಎಳೆಎಳೆಯ ಕುಗ್ಗುವಿಕೆಯನ್ನು ಗಣಕಯಂತ್ರದಿಂದ ಅಳೆಯುವ ‘ಸ್ಟ್ರೇನ್’ ಎಂಬ ನವೀನ ವಿಧಾನ ದೊಡ್ಡ ಕೇಂದ್ರಗಳಲ್ಲಿ ಬಂದಿದೆ. ಕಣ್ಣಿಗೆ ಇನ್ನೂ ಕಾಣದ ಬಲಹೀನತೆಯನ್ನು ಅದು ಹಿಡಿಯಬಲ್ಲುದು.

ಇನ್ನು ಆ ಪ್ರಸಿದ್ಧ ಸಂಖ್ಯೆ. ಎಡ ಹೃತ್ಕುಕ್ಷಿ ಪೂರ್ತಿ ತುಂಬಿದಾಗ 120 ಮಿಲಿಲೀಟರು ರಕ್ತವಿದ್ದು, ಒಂದು ಬಡಿತದಲ್ಲಿ 72 ಮಿಲಿಲೀಟರು ಹೊರಗೆ ಹೋಯಿತೆಂದರೆ, ಹೋದ ಭಾಗ ನೂರಕ್ಕೆ 60. ಇದನ್ನೇ ವೈದ್ಯರು ಇಜೆಕ್ಷನ್ ಫ್ರ್ಯಾಕ್ಷನ್ ಎಂದೂ, ಚುಟುಕಾಗಿ ಇ.ಎಫ್. ಎಂದೂ, ರೋಗಿಯ ಕಡೆಯವರಿಗೆ ತಿಳಿಯಲೆಂದು ‘ಪಂಪಿಂಗ್’ ಎಂದೂ ಕರೆಯುವುದು. ಹೃದಯ ತನ್ನೊಳಗಿನ ರಕ್ತವನ್ನೆಲ್ಲ ಒಂದೇ ಬಡಿತಕ್ಕೆ ಬರಿದುಮಾಡುವುದು ಯಾವ ಪೈಲ್ವಾನನಲ್ಲಿಯೂ ಇಲ್ಲ. ಗಂಡಸರಲ್ಲಿ 52ರಿಂದ, ಹೆಂಗಸರಲ್ಲಿ 54ರಿಂದ ಮೇಲೆ ಇದ್ದರೆ ಅದು ಸಹಜ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನಿಗೆ ‘ಅಪ್ಪನ ಹೃದಯ ನೂರಕ್ಕೆ ಅರವತ್ತೇ ಕೆಲಸಮಾಡುತ್ತಿದೆ’ ಎಂದು ವಾಟ್ಸಾಪಿನಲ್ಲಿ ಸುದ್ದಿ ಹೋಗಿ, ಆತ ರಾತ್ರಿಯ ರೈಲಿನಲ್ಲಿ ಅರಸೀಕೆರೆಗೆ ಬಂದಿಳಿಯುವಂಥ ಪ್ರಸಂಗಗಳಿಗೆ ಕಾರಣ ರೋಗವಲ್ಲ, ಗಣಿತ. 50 ಮತ್ತು ಅದಕ್ಕೆ ಮೇಲ್ಪಟ್ಟುದನ್ನು ಉಳಿದುಕೊಂಡ ಶಕ್ತಿಯೆಂದೂ, 41ರಿಂದ 49ರವರೆಗಿನದನ್ನು ಅಲ್ಪ ಕುಂದಿನದೆಂದೂ, 40 ಮತ್ತು ಅದಕ್ಕೂ ಕೆಳಗಿನದನ್ನು ನಿಜವಾಗಿ ಕುಂದಿದುದೆಂದೂ ಹೃದಯ ವೈಫಲ್ಯದ ಚಿಕಿತ್ಸೆಯಲ್ಲಿ ವಿಂಗಡಿಸುತ್ತಾರೆ.

ಈ ಸಂಖ್ಯೆಯನ್ನು ಯಂತ್ರ ಸಾಮಾನ್ಯವಾಗಿ ತಾನಾಗಿ ಉಸುರುವುದಿಲ್ಲ. ಎರಡು ಬೇರೆಬೇರೆ ಕೋನಗಳಿಂದ ಹೃತ್ಕುಕ್ಷಿಯ ಒಳಅಂಚನ್ನು, ಉಬ್ಬಿದಾಗ ಒಮ್ಮೆ ಕುಗ್ಗಿದಾಗ ಒಮ್ಮೆ, ಪರೀಕ್ಷಕನು ಕೈಯಿಂದ ಗೆರೆಯೆಳೆದು ಗುರುತಿಸುತ್ತಾನೆ. ಯಂತ್ರವು ಆ ಆಕೃತಿಯನ್ನು ಇಪ್ಪತ್ತು ತೆಳುಬಿಲ್ಲೆಗಳಾಗಿ ಕಲ್ಪಿಸಿಕೊಂಡು ಗಾತ್ರವನ್ನು ಕೂಡಿಸುತ್ತದೆ. ಗೆರೆ ಒಂದಿಷ್ಟು ಒಳಗೆ ಹೊರಗೆ ಆದರೆ ಸಂಖ್ಯೆಯೂ ಬದಲಾಗುತ್ತದೆ. ಇಬ್ಬರು ನಿಪುಣರು ಒಂದೇ ದಿನ ಒಬ್ಬನೇ ರೋಗಿಯನ್ನು ನೋಡಿ ಐದು, ಕೆಲವು ವೇಳೆ ಹತ್ತು ಅಂಶಗಳಷ್ಟು ಭಿನ್ನವಾದ ಸಂಖ್ಯೆಗಳನ್ನು ಬರೆಯುವುದು ಅಸಂಭವವಲ್ಲ. ಜನಸಂದಣಿಯ ಆಸ್ಪತ್ರೆಗಳಲ್ಲಿ ಗೆರೆಯೆಳೆಯುವುದಕ್ಕೂ ವೇಳೆಯಿಲ್ಲದೆ ಕಣ್ಣಂದಾಜಿನಿಂದ ಬರೆಯುವುದೂ ಉಂಟು; ಅನುಭವಿಯ ಕಣ್ಣಂದಾಜು ಹೀನವಾದುದೇನೂ ಅಲ್ಲವೆಂಬುದನ್ನೂ ಹೇಳಬೇಕು. ಹೀಗಿರುವಾಗ ಕಳೆದ ಸಲ 45 ಇದ್ದುದು ಈ ಸಲ 42 ಆಯಿತೆಂದು ಕಂಗೆಡುವುದಕ್ಕೂ, 48 ಆಯಿತೆಂದು ಮಾತ್ರೆಯನ್ನು ಬಿಟ್ಟುಬಿಡುವುದಕ್ಕೂ ಅರ್ಥವಿಲ್ಲ. ಇನ್ನೊಂದು ಮೋಸವೂ ಇದರಲ್ಲಿ ಅಡಗಿದೆ. ಮೈಟ್ರಲ್ ಕವಾಟ ಸೋರುತ್ತಿರುವ ಹೃದಯದಲ್ಲಿ ರಕ್ತದ ಒಂದು ಪಾಲು ಮುಂದಕ್ಕೆ ಹೋಗದೆ ಹಿಂದಕ್ಕೆ, ಮೇಲಿನ ಹೃತ್ಕರ್ಣಕ್ಕೆ, ಹರಿದುಹೋಗುತ್ತದೆ. ಹೊರಟ ರಕ್ತವೆಷ್ಟೆಂಬುದನ್ನು ಮಾತ್ರ ಲೆಕ್ಕಿಸುವ ಇ.ಎಫ್., ಅದು ಎತ್ತ ಹೋಯಿತೆಂದು ಕೇಳುವುದಿಲ್ಲ. ಸಂಖ್ಯೆ 60 ಇದ್ದೂ ಮನುಷ್ಯ ಏದುಸಿರು ಬಿಡುತ್ತಿರಬಹುದು.

ದಿನಾಂಕದ ಮಾತನ್ನು ಮೊದಲಿಗೇ ಎತ್ತಿದ್ದೆನಷ್ಟೆ. ಧಮನಿ ಮುಚ್ಚಿದ್ದು ಮತ್ತೆ ತೆರೆದಾಗ, ಸಾಯದೆ ಉಳಿದ ಸ್ನಾಯುವೂ ಕೂಡಲೆ ಎದ್ದು ಕೆಲಸಕ್ಕೆ ಹೋಗುವುದಿಲ್ಲ. ರಕ್ತ ಮರಳಿ ಬಂದಿದ್ದರೂ ದಿನಗಟ್ಟಲೆ, ಕೆಲವು ವೇಳೆ ವಾರಗಟ್ಟಲೆ, ಮೂರ್ಛಿತವಾಗಿ ಬಿದ್ದಿರುತ್ತದೆ. 1982ರಲ್ಲಿ ಬ್ರೌನ್‌ವಾಲ್ಡ್ ಮತ್ತು ಕ್ಲೋನರ್ ಎಂಬ ಅಮೆರಿಕದ ವೈದ್ಯರು ಈ ಸ್ಥಿತಿಯನ್ನು ವಿವರಿಸಿ ಅದಕ್ಕೊಂದು ಸ್ಥಾನವನ್ನು ಕೊಟ್ಟರು. ಬೇರೊಂದು ಬಗೆಯ ಸ್ನಾಯುವಿದೆ: ಬಹುಕಾಲ ಅರೆಹೊಟ್ಟೆಯ ರಕ್ತದಲ್ಲಿ ಬದುಕಿ, ಸಾಯುವ ಬದಲು ತನ್ನ ಕೆಲಸವನ್ನೇ ಕುಗ್ಗಿಸಿಕೊಂಡು ನಿದ್ರೆಹೋಗಿರತಕ್ಕದ್ದು. ಅದನ್ನು ಲೋಕದ ಗಮನಕ್ಕೆ ತಂದವರು ಮುಂಬಯಿಯಲ್ಲಿ ಹುಟ್ಟಿದ ಶಹಬುದ್ದೀನ್ ರಹೀಂತುಲಾ. ಮೂರ್ಛಿತವಾದುದು, ನಿದ್ರಿತವಾದುದು, ಮೃತವಾದುದು, ಈ ಮೂರೂ ಎಕೋ ಪರದೆಯ ಮೇಲೆ ಮೊದಲ ನೋಟಕ್ಕೆ ಒಂದೇ ಬಗೆಯಾಗಿ, ಚಲಿಸದ ಗೋಡೆಯಾಗಿ ಕಾಣುತ್ತವೆ. ಮೂರನೆಯ ದಿನದ ಎಕೋವಿನಲ್ಲಿ 35 ಎಂದು ಬಂದ ಸಂಖ್ಯೆ ಎರಡು ತಿಂಗಳ ತರುವಾಯ 50ರ ಹತ್ತಿರ ಹೋಗುವುದು ಯಾವ ಪವಾಡವೂ ಅಲ್ಲ, ಮೂರ್ಛೆ ತಿಳಿದುದಷ್ಟೆ. ಅದೇ ಗೋಡೆ ತೆಳುವಾಗಿ, ಗಾಯದ ಕಲೆಯಿಂದ ಹೊಳೆಯುತ್ತ ನಿಂತಿದ್ದರೆ ಆಸೆ ಕಡಿಮೆ. ಸಂದೇಹವಿದ್ದಲ್ಲಿ ಡೊಬ್ಯುಟಮಿನ್ ಎಂಬ ಔಷಧವನ್ನು ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತ ಎಕೋ ಮಾಡಿದರೆ, ಜೀವವುಳ್ಳ ಸ್ನಾಯು ತಾತ್ಕಾಲಿಕವಾಗಿ ಮಿಡಿದು ತನ್ನ ಇರವನ್ನು ತಿಳಿಸುತ್ತದೆ.

ಮೊದಲ ದಿನಗಳ ಎಕೋವಿಗೆ ಇದಕ್ಕಿಂತಲೂ ತುರ್ತಾದ ಒಂದು ಕರ್ತವ್ಯವಿದೆ; ಅದು ಅಪಾಯಗಳನ್ನು ಹುಡುಕುವುದು. ಸತ್ತ ಸ್ನಾಯು ಮೊದಲ ವಾರದಲ್ಲಿ ಅತ್ಯಂತ ಮೆತ್ತಗಿರುತ್ತದೆ. ಆಗ ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆ ಹರಿದು ರಂಧ್ರವಾಗಬಹುದು. ಮೈಟ್ರಲ್ ಕವಾಟವನ್ನು ಹಿಡಿದಿರುವ ಸ್ನಾಯುಸ್ತಂಭ ತುಂಡಾಗಿ ಕವಾಟ ಒಮ್ಮೆಗೇ ಸೋರತೊಡಗಬಹುದು. ಹೊರಗೋಡೆಯೇ ಬಿರಿದು ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬಬಹುದು. ಇವು ವಿರಳ, ಬಂದರೆ ಘೋರ. ಚೇತರಿಸಿಕೊಳ್ಳುತ್ತಿದ್ದ ರೋಗಿ ಇದ್ದಕ್ಕಿದ್ದಂತೆ ಬಿಳಿಚಿ, ರಕ್ತದೊತ್ತಡ ಬಿದ್ದು, ಎದೆಯಲ್ಲಿ ಹೊಸದೊಂದು ಸದ್ದು ಕೇಳಿಬಂದಾಗ, ರೋಗಿಯನ್ನು ಹಾಸಿಗೆಯಿಂದ ಕದಲಿಸದೆ ನಿಮಿಷಗಳಲ್ಲಿ ಕಾರಣವನ್ನು ತೋರಿಸಬಲ್ಲ ಸಾಧನ ಎಕೋ. ಈ ಒಂದು ಗುಣಕ್ಕಾಗಿಯೇ ಅದನ್ನು ಇಟ್ಟುಕೊಳ್ಳಬೇಕೆಂದರೂ ಅತಿಶಯವಾಗದು. ಕೆಳಗೋಡೆಯ ಆಘಾತದಲ್ಲಿ ಬಲ ಹೃತ್ಕುಕ್ಷಿಯೂ ಸಿಕ್ಕಿಬಿದ್ದಿದೆಯೇ ಎಂಬುದನ್ನು ಎಕೋ ತಿಳಿಸುತ್ತದೆ. ಹಾಗಿದ್ದಲ್ಲಿ ನಾಲಗೆಯ ಕೆಳಗೆ ಇಡುವ ಸಾಮಾನ್ಯ ನೈಟ್ರೇಟ್ ಮಾತ್ರೆಯೂ ರಕ್ತದೊತ್ತಡವನ್ನು ಅಪಾಯಕರವಾಗಿ ಇಳಿಸಬಲ್ಲುದು. ಮುಂಗೋಡೆಯ ದೊಡ್ಡ ಆಘಾತದಲ್ಲಿ ಹೃದಯದ ತುದಿಯಲ್ಲಿ ರಕ್ತ ನಿಂತು ಹೆಪ್ಪಾಗುವ ಸಂಭವವುಂಟು. ಆ ಹೆಪ್ಪಿನ ತುಣುಕು ಮಿದುಳಿಗೆ ಹೋದರೆ ಪಾರ್ಶ್ವವಾಯು. ಎಕೋವಿನಲ್ಲಿ ಹೆಪ್ಪು ಕಂಡವರಿಗೆ ರಕ್ತವನ್ನು ತೆಳುಮಾಡುವ ಮಾತ್ರೆಯನ್ನು ಕೆಲವು ತಿಂಗಳು ಕೊಟ್ಟು, ಹೆಪ್ಪು ಕರಗಿತೇ ಎಂದು ಎಕೋವಿನಿಂದಲೇ ಮತ್ತೆ ನೋಡುತ್ತಾರೆ.

ಇಷ್ಟೆಲ್ಲ ಬಲ್ಲ ಯಂತ್ರ ಒಂದು ವಿಷಯದಲ್ಲಿ ಬಹುಮಟ್ಟಿಗೆ ಮೂಕ. ಕರೊನರಿ ಧಮನಿಗಳ ಒಳಗಿನ ಕೊಬ್ಬಿನ ಗಡ್ಡೆಗಳನ್ನು, ಜನರು ‘ಬ್ಲಾಕ್’ ಎನ್ನುವುದನ್ನು, ಸಾಮಾನ್ಯ ಎಕೋ ಕಾಣಲಾರದು. ಅದಕ್ಕೆ ಆಂಜಿಯೋಗ್ರಾಂ ಬೇಕು. ವಿಶ್ರಾಂತಿಯಲ್ಲಿರುವಾಗ ರಕ್ತ ಸಾಕಷ್ಟು ಬರುತ್ತಿರುವವರೆಗೆ, ಧಮನಿ ಅರ್ಧಕ್ಕೂ ಹೆಚ್ಚು ಕಿರಿದಾಗಿದ್ದರೂ ಗೋಡೆ ಸಲೀಸಾಗಿ ಚಲಿಸುತ್ತದೆ, ಸಂಖ್ಯೆ 60 ಎಂದೇ ಬರುತ್ತದೆ. 2025ರ ಆ ಭಯದ ದಿನಗಳಲ್ಲಿ ಸಾಲಿನಲ್ಲಿ ನಿಂತು ಎಕೋ ಮಾಡಿಸಿ, ‘ನಾರ್ಮಲ್’ ಎಂಬ ಕಾಗದವನ್ನು ಹಿಡಿದು ಊರಿಗೆ ಮರಳಿದವರಿಗೆ ದೊರೆತ ಸಮಾಧಾನ ಎಷ್ಟು ಸಹಜವೋ ಅಷ್ಟೇ ಅಪೂರ್ಣ. ಅವರ ಸಕ್ಕರೆ, ರಕ್ತದೊತ್ತಡ, ಬೀಡಿ ಸಿಗರೇಟಿನ ಅಭ್ಯಾಸ, ಮನೆತನದ ಚರಿತ್ರೆ, ಇವು ಆ ಕಾಗದದಲ್ಲಿ ಇಲ್ಲ. ಎಕೋ ನಡೆದುಹೋದುದರ ಸಾಕ್ಷಿ. ಬರಲಿರುವುದರ ಜ್ಯೋತಿಷ್ಯವನ್ನು ಅದರಿಂದ ಕೇಳಕೂಡದು.

ಇಂಥ ಉಪಯುಕ್ತ ಯಂತ್ರ, ಅದರಲ್ಲಿಯೂ ಕೈಯಲ್ಲಿ ಹಿಡಿದು ಮೊಬೈಲ್ ಫೋನಿಗೆ ಜೋಡಿಸುವಷ್ಟು ಚಿಕ್ಕದಾಗಿ ಬಂದಿರುವಾಗ, ಹುಲಿಕೆರೆಯವರೆಗೆ ಏಕೆ ಬರಬಾರದೆಂದು ಕೇಳುವವರುಂಟು. ಅದಕ್ಕೆ ಉತ್ತರ ನಮ್ಮ ದೇಶದ ಒಂದು ಕಾನೂನಿನಲ್ಲಿದೆ. ಗರ್ಭದಲ್ಲಿರುವ ಹೆಣ್ಣುಮಗುವನ್ನು ಗುರುತಿಸಿ ಕೊಲ್ಲುವ ಪಾಪವನ್ನು ತಡೆಯಲು 1994ರಲ್ಲಿ ಮಾಡಿದ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯಿದೆಯ ವ್ಯಾಪ್ತಿಗೆ, ಭ್ರೂಣದ ಲಿಂಗವನ್ನು ತೋರಿಸಬಲ್ಲ ಎಲ್ಲ ಶ್ರವಣಾತೀತ ಯಂತ್ರಗಳೂ ಸೇರುವುದರಿಂದ, ಹೃದ್ರೋಗ ವೈದ್ಯನ ಯಂತ್ರವನ್ನೂ ನೋಂದಾಯಿಸಬೇಕು. ಒಯ್ಯಬಹುದಾದ ಯಂತ್ರವನ್ನು ನೋಂದಾಯಿತ ಸ್ಥಳದಿಂದ ಆಚೆಗೆ, ಸಂಚಾರಿ ಆರೋಗ್ಯ ಘಟಕದಂಥ ಕೆಲವು ವಿಶೇಷ ವ್ಯವಸ್ಥೆಗಳಲ್ಲಲ್ಲದೆ, ಕೊಂಡೊಯ್ಯುವಂತಿಲ್ಲ. ಆ ಕಾನೂನಿನ ಅಗತ್ಯವನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಒಂದು ಅಪರಾಧವನ್ನು ತಡೆಯಲು ಕಟ್ಟಿದ ಗೋಡೆ, ಅಪರಾಧದ ಗಂಧವೂ ಇಲ್ಲದ ಚಿಕಿತ್ಸೆಯೊಂದನ್ನು ಹಳ್ಳಿಯಿಂದ ದೂರವಿಟ್ಟಿದೆಯೆಂಬುದನ್ನೂ ಮರೆಮಾಚಲಾರೆ. ಹೃದಯವನ್ನು ನೋಡುವ ಯಂತ್ರ ಹೃದಯವನ್ನಲ್ಲದೆ ಬೇರೇನನ್ನೂ ನೋಡದಂತೆ ಕಾಯುವ ಉಪಾಯ ಇಂದಿನ ತಂತ್ರಜ್ಞಾನಕ್ಕೆ ಅಸಾಧ್ಯವಿರಲಾರದು.

ಅಂಥ ಉಪಾಯ ಬರುವವರೆಗೆ ರೋಗಿಯೇ ಯಂತ್ರದ ಬಳಿಗೆ ಹೋಗಬೇಕು. ಮೊದಲ ಸಲ ಆಂಬುಲೆನ್ಸಿನಲ್ಲಿ ಹೋದವನು ಎರಡನೆಯ ಸಲ ಬಸ್ಸಿನಲ್ಲಿ ಹೋಗಬೇಕಾದುದರಿಂದಲೋ ಏನೋ, ಬಹುಮಂದಿ ಹೋಗುವುದೇ ಇಲ್ಲ. ನೋವು ಹೋಯಿತು, ಸ್ಟೆಂಟ್ ಬಿದ್ದಿದೆ, ರಾಗಿಯ ಕೊಯ್ಲು ಬಂದಿದೆ. ಇನ್ನೇಕೆ ಒಂದು ದಿನವನ್ನು ಕಳೆಯುವುದು? ಆದರೆ ಆರು ವಾರಗಳಿಂದ ಮೂರು ತಿಂಗಳೊಳಗಿನ ಈ ಎರಡನೆಯ ಎಕೋವೇ ಮುಂದಿನ ವರ್ಷಗಳ ಚಿಕಿತ್ಸೆಯನ್ನು ನಿರ್ಧರಿಸತಕ್ಕದ್ದು. ಮೂರ್ಛೆ ತಿಳಿದ ಸ್ನಾಯು ಎಷ್ಟು, ಕಲೆಯಾಗಿ ಉಳಿದುದು ಎಷ್ಟು, ಉಳಿದ ಗೋಡೆ ಭಾರವನ್ನು ಹೊತ್ತು ಹೃತ್ಕುಕ್ಷಿ ಹಿಗ್ಗುತ್ತಿದೆಯೇ ಎಂಬುದು ಆಗ ಸ್ಪಷ್ಟವಾಗುತ್ತದೆ. ಆ ಹಿಗ್ಗುವಿಕೆಯನ್ನು ತಡೆಯುವ ಔಷಧಗಳಿವೆ. ಕ್ಯಾಪ್ಟೊಪ್ರಿಲ್ ಮಾತ್ರೆ, ಸಂಖ್ಯೆ 40ನ್ನು ಮೀರದಿದ್ದ ಆಘಾತರೋಗಿಗಳಲ್ಲಿ ಮರಣವನ್ನು ಕಡಿಮೆಮಾಡಿತೆಂದು 1992ರಲ್ಲಿಯೇ ಸಿದ್ಧವಾಗಿ, ಅದರ ಜಾತಿಯ ಮಾತ್ರೆಗಳು ಅಂದಿನಿಂದ ಬಳಕೆಯಲ್ಲಿವೆ. ಅಪಾಯಕರವಾದ ಮಿಡಿತವನ್ನು ಗುರುತಿಸಿ ಒಳಗಿನಿಂದಲೇ ವಿದ್ಯುತ್ತಿನ ಹೊಡೆತಕೊಟ್ಟು ಸರಿಪಡಿಸುವ ಐ.ಸಿ.ಡಿ. ಎಂಬ ಲಕ್ಷಗಟ್ಟಲೆ ಬೆಲೆಯ ಉಪಕರಣವನ್ನು ಎದೆಯಲ್ಲಿ ಇಡಬೇಕೇ ಎಂಬ ನಿರ್ಣಯವನ್ನೂ ಮೊದಲ ವಾರದ ಸಂಖ್ಯೆಯ ಮೇಲೆ ಮಾಡುವುದಿಲ್ಲ. ಹೃದಯಾಘಾತವಾಗಿ ಕನಿಷ್ಠ 40 ದಿನಗಳು, ಸ್ಟೆಂಟ್ ಅಥವಾ ಬೈಪಾಸ್ ಆಗಿದ್ದರೆ ಮೂರು ತಿಂಗಳು, ಔಷಧವನ್ನು ತಪ್ಪದೆ ಸೇವಿಸಿದಮೇಲೂ 35ನ್ನು ದಾಟದಿದ್ದರೆ ಮಾತ್ರ ಅದರ ವಿಚಾರ. ಎರಡನೆಯ ಎಕೋವಿಗೆಂದು ಹಾಸನಕ್ಕೋ ಮೈಸೂರಿಗೋ ಹೊರಡುವಾಗ ಮೊದಲ ಎಕೋವಿನ ವರದಿಯನ್ನೂ, ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಚೀಟಿಯನ್ನೂ, ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಜತೆಗಿಟ್ಟುಕೊಂಡು, ಸಾಧ್ಯವಿದ್ದಷ್ಟೂ ಮೊದಲು ನೋಡಿದ ಆಸ್ಪತ್ರೆಗೇ ಹೋದರೆ, ನೋಡುವವನು ಹಳೆಯ ಗೋಡೆಯನ್ನು ಹೊಸ ಗೋಡೆಯೊಡನೆ, ಭಾಗಕ್ಕೆ ಭಾಗವಿಟ್ಟು, ಹೋಲಿಸಿ ಹೇಳಬಲ್ಲನು.